ದುಃಖಕ್ಕೆ ಎಷ್ಟು ಮಾರ್ಕು?

ಎಳ್ಳಮಾಸಿಯ ದಿನ ಹೊಲದಲ್ಲಿ ಉಂಡು, ಬೇವಿನ ಗಿಡದ ನೆರಳಿಗೆ ಕಂಬಳಿ ಹಾಸಿ ಅಡ್ಡಾಗುವುದು ನಮ್ಮ ಸಲಗರ ಬುದ್ರುಕದ ಕಡೆ ಹಿಂದಿನಿಂದ ಬಂದದ್ದು. ಅಕ್ಕಲಕೋಟೆ ತಾಲೂಕಿನ ಕಪ್ಪು ನೆಲದಲ್ಲಿ ಆ ಹೊತ್ತಿಗೆ ಬಿಳಿಜೋಳ ಎದೆಯುದ್ದ ನಿಂತಿರುತ್ತದೆ. ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಚರಗ ಚೆಲ್ಲಿ, ಸಜ್ಜಿರೊಟ್ಟಿ ಭಜ್ಜಿ ಹೊಡೆದ ಮೇಲೆ ಮನುಷ್ಯನಿಗೆ ತತ್ವವಿಚಾರ ಹೊಳೆಯುವುದು ಕಡಿಮೆ, ನಿದ್ದೆ ಬರುವುದೇ ಹೆಚ್ಚು. ಆದರೂ ಈ ಲೇಖನದ ಪ್ರಶ್ನೆ ಹುಟ್ಟಿದ್ದು ಅಲ್ಲಿಯೇ, ಅರೆನಿದ್ದೆಯಲ್ಲಿ.

ಪುಣೆಯಲ್ಲಿ ಕಂಪ್ಯೂಟರಿನ ನೌಕರಿಯಲ್ಲಿರುವ ನನ್ನ ಅಣ್ಣನ ಮಗ ಹಬ್ಬಕ್ಕೆ ಬಂದಿದ್ದ. ಅವನಿಗೊಂದು ಹುಚ್ಚು. ಅಮೆರಿಕದ ಕಪ್ಪು ಜನರ ‘ಬ್ಲೂಸ್’ ಎಂಬ ಹಾಡುಗಳನ್ನು ಕೇಳುವುದು, ಹೊಸ ಆಲ್ಬಮ್ ಬಂದ ಕೂಡಲೇ ಅದಕ್ಕೆ ಐದರಲ್ಲಿ ಇಷ್ಟು ಎಂದು ಮಾರ್ಕು ಹಾಕಿ, ಕಾರಣ ಬರೆದು ಗೆಳೆಯರಿಗೆಲ್ಲ ಕಳಿಸುವುದು. ಅಂದು ಅಂಗೈಯಗಲದ ಸ್ಪೀಕರನ್ನು ಬೇವಿನ ಬೊಡ್ಡೆಗೆ ಆನಿಸಿಟ್ಟು, ಕ್ರಿಸ್ಟೋನ್ ಇಂಗ್ರಾಮ್ ಎಂಬ ಹುಡುಗನ ‘662’ ಎಂಬ ಆಲ್ಬಮ್ ಹಚ್ಚಿದ. 2021ರಲ್ಲಿ ಬಂದದ್ದು, ಮರುವರ್ಷ ಗ್ರ್ಯಾಮಿ ಪ್ರಶಸ್ತಿ ಪಡೆದದ್ದು. 662 ಎಂದರೆ ಮಿಸಿಸಿಪ್ಪಿ ರಾಜ್ಯದ ಉತ್ತರ ಭಾಗದ ಟೆಲಿಫೋನ್ ಕೋಡು. ಸೊಲ್ಲಾಪುರದವನೊಬ್ಬ ತನ್ನ ಕ್ಯಾಸೆಟ್ಟಿಗೆ ‘0217’ ಎಂದು ಹೆಸರಿಟ್ಟ ಹಾಗೆ. ನನಗೆ ಆ ಹೆಸರೇ ಹಿಡಿಸಿತು.

ನಾಲ್ಕೈದು ಹಾಡು ಮುಗಿದ ಮೇಲೆ ನಮ್ಮ ಹುಡುಗ ತೀರ್ಪು ಹೇಳಿದ. “ಗಿಟಾರ್ ಭಾರಿ ಬಾರಸ್ತಾನ ಕಾಕಾ. ಆದರ ಇದರಾಗ ದುಃಖ ಕಡಿಮಿ ಅದ. ಇಪ್ಪತ್ತೆರಡು ವರ್ಷದ ಹುಡುಗ, ಅವಾ ಏನು ಕಂಡಾನ? ಐದಕ್ಕ ಮೂರು.”

“ಪಾಪ, ತಂದಿ ತಾಯಿ ಅದಾರೇನು ಅವಗ?” ಎಂದೆ, ಮಾತಿಗೆ ಮಾತು ಅಂತ.

“ತಾಯಿ 2019ರಾಗ ತೀರಿಕೊಂಡಳು. ಅಕಿ ಸಲುವಾಗಿ ಒಂದು ಹಾಡು ಅದ. ಅದಕ್ಕ ಅರ್ಧ ಮಾರ್ಕು ಜಾಸ್ತಿ ಕೊಟ್ಟೀನಿ. ಇಲ್ಲಂದರ ಎರಡೂವರಿ.”

ಆಮೇಲೆ ನನಗೆ ನಿದ್ದೆ ಬರಲಿಲ್ಲ.

ಹುಡುಗ ಕೆಟ್ಟವನಲ್ಲ. ತಾಯಿ ಸತ್ತದ್ದಕ್ಕೆ ಅರ್ಧ ಮಾರ್ಕು ಎಂಬ ಮಾತು ಎಷ್ಟು ಕ್ರೂರವೆಂದು ಅವನಿಗೆ ಹೊಳೆದಿರಲಿಲ್ಲ, ಅಷ್ಟೇ. ನನಗೆ ಹೊಳೆಯಿತೆಂದರೆ ನಾನು ಅವನಿಗಿಂತ ಒಳ್ಳೆಯವನೆಂದಲ್ಲ. ಅದೇ ತಪ್ಪನ್ನು ನಾನು ಅವನಿಗಿಂತ ಮೊದಲು, ಅವನಿಗಿಂತ ಹತ್ತಿರದವರಿಗೆ ಮಾಡಿದ್ದೆ. ಆ ಸಂಗತಿಗೆ ಆಮೇಲೆ ಬರುತ್ತೇನೆ. ಮೊದಲು ಪ್ರಶ್ನೆಯನ್ನು ಬಿಡಿಸಿ ನೋಡೋಣ. ಇನ್ನೊಬ್ಬರ ದುಃಖ ಹಾಡಾಗಿ ನಮ್ಮ ಕಿವಿಗೆ ಬಿದ್ದಾಗ ಅದನ್ನು ತೂಗುವ ಹಕ್ಕು ನಮಗೆ ಇದೆಯೇ? ತೂಗದೆ ಬಿಟ್ಟರೆ ಅದು ಮರ್ಯಾದೆಯೇ?

ಈ ಹಾಡುಗಳನ್ನು ಕೇಳದವರಿಗಾಗಿ ಎರಡು ಮಾತು ಹೇಳಬೇಕು. ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿ ಕಾನೂನಿನಿಂದ ಹೋಯಿತು. ಧಣಿಯ ಹತ್ತಿಹೊಲ, ತೀರದ ಸಾಲ, ಸೆರೆಮನೆ ಹೋಗಲಿಲ್ಲ. ಹೊಲದಲ್ಲಿ ಒಬ್ಬರನ್ನೊಬ್ಬರು ಕೂಗುವ ಕೂಗು, ಕೂಲಿಯ ಹಾಡು, ಚರ್ಚಿನ ಹಾಡು ಎಲ್ಲ ಬೆರೆತು, ಮುಂದಿನ ಒಂದೆರಡು ತಲೆಮಾರಿನಲ್ಲಿ ಬ್ಲೂಸ್ ಆಯಿತು. 1920ರಲ್ಲಿ ಮೇಮಿ ಸ್ಮಿತ್ ಎಂಬ ಹೆಣ್ಣುಮಗಳು ಹಾಡಿದ ‘ಕ್ರೇಜಿ ಬ್ಲೂಸ್’ ಎಂಬ ತಟ್ಟೆ ಭರದಿಂದ ಮಾರಾಟವಾದ ಮೇಲೆ ಈ ಹಾಡಿಗೆ ಗಿರಾಕಿಗಳಿದ್ದಾರೆಂದು ಕಂಪನಿಗಳಿಗೆ ತಿಳಿಯಿತು. ಇದರ ಒಂದು ನುಡಿ ಸಾಮಾನ್ಯವಾಗಿ ಮೂರು ಸಾಲಿನದು. ಮೊದಲ ಸಾಲು ಹಾಡುವುದು, ಅದನ್ನೇ ಇನ್ನೊಮ್ಮೆ ತುಸು ತಿರುವಿ ಹಾಡುವುದು, ಮೂರನೆಯದರಲ್ಲಿ ಉತ್ತರ ಕೊಡುವುದು.

ಮೂರು ಸಾಲು ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ನಮ್ಮ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಕೂತು ಹಾಡಿದ್ದು ತ್ರಿಪದಿ. ಭೀಮೆಯ ಆಚೆ, ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದ್ದು ಈ ಬಗೆಯ ಹಾಡುಗಳನ್ನೇ. ಪುಸ್ತಕದಲ್ಲಿ ಮೂರು ಸಾಲು ಮಾತ್ರ ಕಾಣುತ್ತವೆ. ಹಾಡುವಾಗ ಎರಡನೆಯ ಸಾಲನ್ನು ಮರಳಿ ಎತ್ತಿಕೊಂಡು ಮೂರನೆಯದಕ್ಕೆ ದಾಟುತ್ತಾರೆ. ಹೀಗೆ ಮರಳಿ ಹಾಡುವುದು ಯಾತಕ್ಕೆ? ಮುಂದಿನ ಸಾಲು ಹೊಳೆಯಲು ಹೊತ್ತು ಬೇಕು. ಕಲ್ಲು ಇನ್ನೊಂದು ಸುತ್ತು ಬರಬೇಕು. ಎದುರು ಕೂತು ಅದೇ ಗೂಟಕ್ಕೆ ಕೈ ಹಚ್ಚಿದವಳು ಹೂಂ ಎನ್ನಬೇಕು. ಕಾಸರಗೋಡಿನಲ್ಲಿ ನೇಜಿ ನೆಡುವಾಗ ಪಾಡ್ದನ ಹೇಳುವುದನ್ನು ಕೇಳಿದವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ: ಒಬ್ಬಳು ಎತ್ತುವುದು, ಉಳಿದವರು ಹಿಡಿಯುವುದು. ಹಾಡುವವಳು, ಕೇಳುವವಳು ಎಂದು ಅಲ್ಲಿ ಎರಡು ಪಂಗಡವಿಲ್ಲ. ಟಿಕೆಟು ಕೊಂಡು ಎದುರು ಕೂತವನು ಬಂದ ಮೇಲೆ ಪಂಗಡ ಎರಡಾದವು, ಆಮೇಲೆಯೇ ಮಾರ್ಕಿನ ಮಾತು ಬಂತು.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಬೀಸುವ ಹಾಡೆಲ್ಲ ಅಳುವೇ ಅಲ್ಲ. ತವರಿನ ಹಿಗ್ಗು, ಅಣ್ಣನ ಕುದುರೆ, ನಾದಿನಿಗೆ ಹಚ್ಚುವ ಚುಚ್ಚು, ಕೂಸಿನ ಕಿಲಕಿಲ ಎಲ್ಲ ಅದರಲ್ಲಿ ಇವೆ. ಬ್ಲೂಸಿನಲ್ಲಿಯೂ ಅರ್ಧಕ್ಕರ್ಧ ಚೇಷ್ಟೆ, ಸೆರೆ, ಮೋಸ ಮಾಡಿದ ಮಾಲಕನ ಮೇಲಿನ ಕುಹಕ, ಬಿಟ್ಟುಹೋದ ಹೆಂಗಸಿನ ಮೇಲಿನ ನಗೆ. ದುಃಖ ಪಟ್ಟವರು ಇಪ್ಪತ್ತನಾಲ್ಕು ತಾಸೂ ಅಳುತ್ತ ಕೂಡುವುದಿಲ್ಲ. ಹಾಗೆ ಕೂತಿರಬೇಕೆಂಬುದು ದೂರದಿಂದ ನೋಡುವವರ ಆಸೆ.

ಆ ದಿನವೂ ಮರುದಿನವೂ ಹುಡುಗ ನನಗೆ ಹಲವು ಆಲ್ಬಮ್ ಕೇಳಿಸಿದ. ನನ್ನ ಅಭಿಪ್ರಾಯ ಕೇಳಿದರೆ ಹೇಳುವುದಕ್ಕೆ ಸಂಕೋಚವಿಲ್ಲ. ಸೆಡ್ರಿಕ್ ಬರ್ನ್‌ಸೈಡನ ‘ಐ ಬಿ ಟ್ರೈಯಿಂಗ್’ (2021) ಎಲ್ಲಕ್ಕಿಂತ ಹಿಡಿಸಿತು. ಅವನ ಅಜ್ಜ ಆರ್. ಎಲ್. ಬರ್ನ್‌ಸೈಡ್ ದೊಡ್ಡ ಹಾಡುಗಾರ. ಮೊಮ್ಮಗ ಹುಡುಗನಿದ್ದಾಗಲೇ ಅಜ್ಜನ ಹಿಂದೆ ಕೂತು ಡ್ರಮ್ ಬಾರಿಸುತ್ತಿದ್ದ. ಉತ್ತರ ಮಿಸಿಸಿಪ್ಪಿಯ ಗುಡ್ಡಗಾಡಿನ ಈ ಪದ್ಧತಿಯಲ್ಲಿ ಸ್ವರ ಹೆಚ್ಚು ಓಡಾಡುವುದಿಲ್ಲ, ಒಂದೇ ಕಡೆ ನಿಂತು ಗುಂಯ್‌ಗುಡುತ್ತದೆ. ರಾತ್ರಿ ಮಠದಲ್ಲಿ ಏಕತಾರಿ ಹಿಡಿದು ತತ್ವಪದ ಹೇಳುವವರ ದನಿ ನೆನಪಾಯಿತು. ಬಡ್ಡಿ ಗೈ ಎಂಬ ಮುದುಕನ ‘ದ ಬ್ಲೂಸ್ ಡೋಂಟ್ ಲೈ’ (2022) ಬಗ್ಗೆ ನನ್ನದು ಮಿಶ್ರ ಅಭಿಪ್ರಾಯ. 1936ರಲ್ಲಿ ಲೂಸಿಯಾನಾದ ಹಳ್ಳಿಯಲ್ಲಿ ಹುಟ್ಟಿ, ಹತ್ತಿ ಬಿಡಿಸಿ ಬೆಳೆದವನು. ಆದರೆ ಆಲ್ಬಮ್ಮಿನ ತುಂಬ ಅತಿಥಿಗಳು. ಮದುವೆಗೆ ಬೀಗರು ಹೆಚ್ಚಾಗಿ ಮದುಮಗ ಕಾಣದ ಹಾಗೆ. ಅವರಲ್ಲಿ ಮೇವಿಸ್ ಸ್ಟೇಪಲ್ಸ್ ಎಂಬ ಮುದುಕಿಯೊಡನೆ ಹಾಡಿದ ಹಾಡು ಮಾತ್ರ ಬೇರೆ: ಕಟ್ಟೆಯ ಮೇಲೆ ಇಬ್ಬರು ಹಿರಿಯರು ಹಿಂದಿನದನ್ನು ನೆನೆದಂತಿದೆ. ‘662’ರ ಹುಡುಗನಲ್ಲಿ ನನಗೆ ಕಂಡ ಕೊರತೆ ದುಃಖದ್ದಲ್ಲ. ಬೆರಳು ಬಹಳ ಚುರುಕು, ಹಾಡಿಗೆ ಉಸಿರಾಡಲು ಬಿಡುವುದಿಲ್ಲ. ತಾಳ ಕಲಿತ ಹೊಸದರಲ್ಲಿ ತಬಲಜಿ ಎಲ್ಲ ಕಾಯದಾಗಳನ್ನೂ ಒಂದೇ ಭಜನೆಯಲ್ಲಿ ಮುಗಿಸಿಬಿಡುವುದುಂಟಲ್ಲ, ಹಾಗೆ. ಮುಂದೆ ನಿಧಾನಿಸಿಯಾನು.

ನೋಡಿ, ನಾನೂ ಮಾರ್ಕು ಕೊಟ್ಟೆ. ಹಾಡು ಕೈಕಸುಬು, ಕಸುಬಿಗೆ ಒಳ್ಳೆಯದು ಕೆಟ್ಟದ್ದು ಇದ್ದೇ ಇದೆ. ಬೆರಳನ್ನು ತೂಗಬಹುದು, ಕಂಠವನ್ನು ತೂಗಬಹುದು. ಹುಡುಗ ತೂಗಲು ಹೋದದ್ದು ಅವನು ಎಷ್ಟು ನೊಂದಿದ್ದಾನೆ ಎಂಬುದನ್ನು. ಆ ತಕ್ಕಡಿಯನ್ನು ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಬ್ಲೂಸಿನ ಚರಿತ್ರೆಯಲ್ಲೇ ಸಾಕ್ಷಿಗಳಿವೆ.

ಹಡಿ ಲೆಡ್‌ಬೆಟರ್ ಎಂಬವನನ್ನು ಲೋಕ ‘ಲೆಡ್ ಬೆಲ್ಲಿ’ ಎಂದು ಕರೆಯುತ್ತದೆ. 1933ರಲ್ಲಿ ಜಾನ್ ಲೋಮ್ಯಾಕ್ಸ್ ಎಂಬ ಜಾನಪದ ಸಂಗ್ರಾಹಕ ಮಗನೊಡನೆ ಲೂಸಿಯಾನಾದ ಅಂಗೋಲಾ ಸೆರೆಮನೆಗೆ ಯಂತ್ರ ಹೊತ್ತುಕೊಂಡು ಹೋದಾಗ ಅವನು ಅಲ್ಲಿ ಕೈದಿ. ಮರುವರ್ಷ ಬಿಡುಗಡೆಯಾಗಿ ಲೋಮ್ಯಾಕ್ಸನ ಜೊತೆ ಊರೂರಿಗೆ ಹಾಡಲು ಹೋದ. ಅವನಿಗೆ ಇಸ್ತ್ರಿಯ ಸೂಟು, ಬೋ ಟೈ ಬಹಳ ಇಷ್ಟ. ಆದರೆ 1935ರ ವಾರ್ತಾಚಿತ್ರದಲ್ಲಿ ಅವನು ಮತ್ತೆ ಕೈದಿಯ ವೇಷ ಹಾಕಿ ಸೆರೆಮನೆಯಲ್ಲಿ ಹಾಡಿದ್ದನ್ನು ಅಭಿನಯಿಸಬೇಕಾಯಿತು. ಅದೇ ವರ್ಷ ಹಣದ ವಿಚಾರದಲ್ಲಿ ಲೋಮ್ಯಾಕ್ಸನಿಗೂ ಅವನಿಗೂ ಕೆಟ್ಟಿತು. 1938ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಕಪ್ಪು ಜನರ ಸಂಗೀತದ ದೊಡ್ಡ ಕಚೇರಿ ಏರ್ಪಾಡಾಯಿತು. ರಾಬರ್ಟ್ ಜಾನ್ಸನ್ ಎಂಬವನನ್ನು ಕರೆಸಬೇಕೆಂದು ಹುಡುಕಿದರೆ ಅವನು ಆ ವರ್ಷವೇ ಇಪ್ಪತ್ತೇಳರ ವಯಸ್ಸಿಗೆ ಸತ್ತಿದ್ದ. ಅವನ ಬದಲು ಬಿಗ್ ಬಿಲ್ ಬ್ರೂಂಜಿ ಬಂದ. ಷಿಕಾಗೋ ಪಟ್ಟಣದಲ್ಲಿ ವರ್ಷಗಟ್ಟಲೆ ತಟ್ಟೆಗೆ ಹಾಡಿದ ಪಳಗಿದ ಹಾಡುಗಾರ. ಸಭೆಗೆ ಮಾತ್ರ ಅವನನ್ನು ಹೊಲದಿಂದ ನೇರ ಬಂದ ರೈತಾಪಿಯವನೆಂದು ಪರಿಚಯಿಸಿದರು. ಕೇಳುವವರಿಗೆ ಅದೇ ಬೇಕಿತ್ತು, ಅವನೂ ಮುಂದೆ ಆ ವೇಷವನ್ನು ನಡೆಸಿಕೊಂಡು ಹೋದ.

ಇಲ್ಲಿ ನಾನು ಕಾಸರಗೋಡಿನ ಓದುಗರೊಡನೆ ನೆಂಟರಂತೆ ಮಾತಾಡಬೇಕಾಗಿದೆ. 1967ರ ಮಹಾಜನ ವರದಿಯಲ್ಲಿ ನಮ್ಮ ಅಕ್ಕಲಕೋಟೆಯೂ ಚಂದ್ರಗಿರಿ ಹೊಳೆಯ ಉತ್ತರದ ನಿಮ್ಮ ನೆಲವೂ ಒಂದೇ ಕಡತದಲ್ಲಿದ್ದವು. ಆ ಕಡತ ಜಾರಿಯಾಗಲಿಲ್ಲ. ಆ ದೃಷ್ಟಿಯಿಂದ ನಾವು ಒಂದೇ ಮುಹೂರ್ತದಲ್ಲಿ ನಿಶ್ಚಯವಾಗಿ ಮುರಿದ ಎರಡು ಮದುವೆಗಳಿದ್ದಂತೆ. 2022ರ ಕೊನೆಗೆ ನಮ್ಮ ತಾಲೂಕಿನ ಕೆಲವು ಗ್ರಾಮಗಳು ‘ನಮ್ಮನ್ನು ಕರ್ನಾಟಕಕ್ಕೆ ಸೇರಿಸಿರಿ’ ಎಂದು ಠರಾವು ಮಾಡಿದಾಗ ಕ್ಯಾಮರಾದವರು ಬಂದರು. ಒಂದು ಹಳ್ಳಿಯಲ್ಲಿ ಅಜ್ಜನೊಬ್ಬ ರಸ್ತೆ, ನೀರು, ಶಾಲೆಯ ತೊಂದರೆಯನ್ನು ಸಮಾಧಾನದಿಂದ, ಲೆಕ್ಕ ಹೇಳಿದ ಹಾಗೆ ಹೇಳಿದ. ಮೈಕು ಹಿಡಿದವನು, “ಅಜ್ಜಾ, ಇನ್ನೊಮ್ಮೆ ಹೇಳ್ರಿ. ಸ್ವಲ್ಪ ಸಂಕಟಪಟ್ಟು ಹೇಳ್ರಿ” ಎಂದ. ಅಜ್ಜ ದನಿ ನಡುಗಿಸಿ, ಧೋತರದ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದ. ಬಿತ್ತರವಾದದ್ದು ಅದೇ. ಸಂಜೆ ಕಟ್ಟೆಯ ಮೇಲೆ ಕೂತು, “ಎರಡನೇದು ಚಲೋ ಬಂತಲ್ಲ?” ಎಂದು ಅಜ್ಜ ನಗುತ್ತಿದ್ದ. ನಾವೂ ನಕ್ಕೆವು. ಆದರೆ ಮೊದಲು ಹೇಳಿದ್ದೇ ನಿಜ, ಮತ್ತು ಅದು ಯಾರಿಗೂ ಬೇಕಾಗಲಿಲ್ಲ ಎಂಬುದು ಉಳಿದೇ ಉಳಿಯಿತು. ರಸ್ತೆಯ ಲೆಕ್ಕ ಕೇಳುವವರಿಲ್ಲ, ಕಣ್ಣೀರು ಕೇಳುವವರಿದ್ದಾರೆ.

ನಿಮ್ಮಲ್ಲಿ ಇದಕ್ಕಿಂತ ಭಾರವಾದದ್ದು ನಡೆದಿದೆ. ಎಣ್ಮಕಜೆ, ಪಡ್ರೆಯ ಸುತ್ತ ಗೇರು ತೋಟಗಳ ಮೇಲೆ 2000ದ ವರೆಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನಿನ ಕತೆಯನ್ನು ನಿಮಗೆ ಹೊರಗಿನವನಾದ ನಾನು ಹೇಳುವುದು ಅಧಿಕಪ್ರಸಂಗ. ಆದರೆ ಅಲ್ಲಿ ತಕ್ಕಡಿ ರೂಪಕವಾಗಿ ಉಳಿಯಲಿಲ್ಲ. ವೈದ್ಯರ ಶಿಬಿರ, ಪಟ್ಟಿ, ಪಟ್ಟಿಯಲ್ಲಿ ಹೆಸರು ಇದ್ದವರು, ಇಲ್ಲದವರು. ಸುಪ್ರೀಂ ಕೋರ್ಟು 2017ರಲ್ಲಿ ತಲಾ ಐದು ಲಕ್ಷ ಕೊಡಿರಿ ಎಂದಿತು. ಆ ಐದು ಲಕ್ಷಕ್ಕೂ ಮೊದಲು ಪಟ್ಟಿಯಲ್ಲಿ ಇರಬೇಕು. ಇದನ್ನು ನೆನೆದಾಗ ನನ್ನ ವಾದಕ್ಕೆ ಒಂದು ಕಡಿವಾಣ ಬೀಳುತ್ತದೆ. ಪರಿಹಾರ ಕೊಡುವವನು ನೋವನ್ನು ಅಳೆಯದೆ ಗತಿಯಿಲ್ಲ. ಅಳತೆ ತಪ್ಪಿದರೆ ಮೇಲ್ಮನವಿಯಾದರೂ ಇದೆ. ಏನನ್ನೂ ಕೊಡಲಿಕ್ಕಿಲ್ಲದವನು, ಬರೇ ನೋಡಲು ಕೇಳಲು ಬಂದವನು ಅಳೆಯತೊಡಗಿದಾಗ ಅದು ಬೇರೆ ಸಂಗತಿ. ಅವನಿಗೆ ಹೆಚ್ಚು ನೊಂದ ಮಗುವಿನ ಚಿತ್ರವೇ ಬೇಕು, ಆಚೆ ಬೆಂಚಿನ ಮೇಲೆ ಕೂತು ಪಾಠ ಓದುವ ಮಗುವಿನ ಚಿತ್ರ ಬೇಡ.

ಇದಕ್ಕೆ ವಿರುದ್ಧವಾದ ಇನ್ನೊಂದು ಅವಮಾನವೂ ಇದೆ, ನಾವು ಅದಕ್ಕೆ ಒಗ್ಗಿಹೋಗಿದ್ದೇವೆ. ಒಳನಾಡಿನ ಸಮ್ಮೇಳನಗಳಿಗೆ ಗಡಿಯ ಕವಿಯನ್ನು ಕರೆಯುತ್ತಾರೆ. ಶಾಲು ಹೊದಿಸುತ್ತಾರೆ. ಅವನ ಪದ್ಯ ಸಪ್ಪಗಿದ್ದರೂ ‘ಇಂಥ ಪರಿಸ್ಥಿತಿಯಲ್ಲಿ ಕನ್ನಡ ಬರೆಯುತ್ತಾರಲ್ಲ!’ ಎಂದು ಚಪ್ಪಾಳೆ ತಟ್ಟುತ್ತಾರೆ. ಪರೀಕ್ಷೆಯಲ್ಲಿ ಗ್ರೇಸ್ ಮಾರ್ಕು ಕೊಟ್ಟು ಪಾಸು ಮಾಡಿದ ಹಾಗೆ. ನನ್ನ ಒಂದು ಕೆಟ್ಟ ಕವಿತೆಗೂ ಹೀಗೆ ಶಾಲು ಬಂದಿದೆ. ಚಳಿಗಾಲದಲ್ಲಿ ಉಪಯೋಗವಾಗುತ್ತದೆ, ಸುಳ್ಳು ಹೇಳಲಾರೆ. ಆದರೆ ನಮ್ಮ ಕವಿತೆಯಲ್ಲಿ ಪ್ರಾಸ ಕೆಟ್ಟಿದೆ, ಹೋಲಿಕೆ ಹಳಸಿದೆ ಎಂದು ಯಾರಾದರೂ ಬೈದಾಗ ಆಗುವ ನೋವಿನಲ್ಲಿ ಒಂದು ಮರ್ಯಾದೆಯೂ ಇರುತ್ತದೆ. ಬೈದವನು ನಮ್ಮನ್ನು ಕವಿಗಳೆಂದು ಎಣಿಸಿದ. ಹಾಗಾಗಿ ‘ಇನ್ನೊಬ್ಬರ ದುಃಖದ ಹಾಡನ್ನು ವಿಮರ್ಶಿಸಲೇಬೇಡಿ’ ಎಂಬ ಮಾತನ್ನು ನಾನು ಒಪ್ಪಲಾರೆ.

ದುಃಖ ಪಡದವನು ಆ ಹಾಡನ್ನು ಹಾಡಬಹುದೇ ಎಂಬ ಪ್ರಶ್ನೆಯನ್ನೂ ನಮ್ಮ ಹುಡುಗ ಎತ್ತಿದ. ರೋಲಿಂಗ್ ಸ್ಟೋನ್ಸ್ ಎಂಬ ಇಂಗ್ಲೆಂಡಿನ ಬಿಳಿಯರ ತಂಡ 2016ರಲ್ಲಿ ‘ಬ್ಲೂ ಅಂಡ್ ಲೋನ್‌ಸಮ್’ ಎಂಬ ಆಲ್ಬಮ್ ತಂದಿತು. ಷಿಕಾಗೋದ ಹಳೆಯ ಹಾಡುಗಳನ್ನು ಮೂರು ದಿನದಲ್ಲಿ ಹಾಡಿ ಮುಗಿಸಿದ್ದು. ಅದಕ್ಕೂ ಗ್ರ್ಯಾಮಿ ಬಂತು. “ಕೋಟ್ಯಧೀಶರು ಕಾಕಾ. ಇವರಿಗೇನು ಹಕ್ಕದ?” ಎಂದ. ನಾನು ಅವನಿಗೆ ನಮ್ಮ ಮೊಹರಮ್ಮನ್ನು ನೆನಪಿಸಿದೆ. ಅಲಾಯಿ ಕುಣಿಯ ಸುತ್ತ ನಿಂತು ಹಸನ್ ಹುಸೇನರ ಕರ್ಬಲಾದ ಪದ ಹಾಡುವವರಲ್ಲಿ ಲಿಂಗಾಯತರೆಷ್ಟು, ಕುರುಬರೆಷ್ಟು! 680ರಲ್ಲಿ ಇರಾಕಿನ ಬಯಲಿನಲ್ಲಿ ನೀರಿಲ್ಲದೆ ಸತ್ತವರಿಗಾಗಿ ಭೀಮಾತೀರದ ಒಕ್ಕಲಿಗ ಅಳುತ್ತಾನೆ. ನಿನಗೇನು ಹಕ್ಕು ಎಂದು ಅವನನ್ನು ಯಾರೂ ಕೇಳಿಲ್ಲ. ಆದರೆ ಅವನು ಆ ಹಾಡನ್ನು ಮಾರಿ ಬಂಗಲೆ ಕಟ್ಟಿಲ್ಲ ಎಂಬುದೂ ನಿಜ. ಹಕ್ಕಿನ ಪ್ರಶ್ನೆಯಲ್ಲಿ ಅರ್ಧ ಹಣದ ಪ್ರಶ್ನೆ. ಅದನ್ನು ಹಣದ ಪ್ರಶ್ನೆಯಾಗಿಯೇ ಕೇಳಿದರೆ ಚೊಕ್ಕ. ಹಾಡು ಕಟ್ಟಿದವನಿಗೆ, ಅವನ ಮಕ್ಕಳಿಗೆ ಎಷ್ಟು ಹೋಯಿತು? ದುಃಖವನ್ನು ಅದರ ನಡುವೆ ಎಳೆದು ತರಬೇಕಾಗಿಲ್ಲ.

ಉಳಿದ ಅರ್ಧ ಯಾವುದು ಎಂಬುದಕ್ಕೆ ನನಗೆ ಸನ್ ಹೌಸನ ಸಂಗತಿ ಬಹಳ ಬೇಕಾದದ್ದು. ಅವನು 1930ರಲ್ಲಿ ತಟ್ಟೆಗೆ ಹಾಡಿದವನು. ಆಮೇಲೆ ಹಾಡು ಬಿಟ್ಟು, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಪಟ್ಟಣದಲ್ಲಿ ಎಲ್ಲರಿಗೂ ಮರೆತುಹೋಗಿದ್ದ. 1964ರಲ್ಲಿ ಬಿಳಿಯ ಹುಡುಗರು ಕೆಲವರು ಅವನನ್ನು ಹುಡುಕಿ ತೆಗೆದರು. ನೋಡಿದರೆ ಮುದುಕನಿಗೆ ತನ್ನ ಹಾಡುಗಳೇ ಕೈಗೆ ಬರುತ್ತಿಲ್ಲ. ಅಲನ್ ವಿಲ್ಸನ್ ಎಂಬ ಇಪ್ಪತ್ತರ ಆಚೀಚೆಯ ಹುಡುಗ, ಹಳೆಯ ತಟ್ಟೆಗಳನ್ನು ಕೇಳಿ ಕೇಳಿ ಕಲಿತವನು, ಮುದುಕನ ಎದುರು ಕೂತು ‘ನೀವು ಹೀಗೆ ಬಾರಿಸುತ್ತಿದ್ದಿರಿ’ ಎಂದು ಅವನ ಹಾಡನ್ನು ಅವನಿಗೇ ಮರಳಿ ಕಲಿಸಿದ. 1965ರಲ್ಲಿ ಸನ್ ಹೌಸ್ ಮತ್ತೆ ಹಾಡಿದ. ಆ ಹುಡುಗನಿಗೆ ಹತ್ತಿಹೊಲದ ದುಃಖ ಗೊತ್ತಿರಲಿಲ್ಲ. ಅವನಿಗೆ ಹಾಡು ಗೊತ್ತಿತ್ತು, ಅದು ಯಾರದೆಂಬುದೂ ಗೊತ್ತಿತ್ತು.

ಇನ್ನು ನನ್ನ ಸಂಗತಿ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಜನ ದಣಿದು ಮಲಗಿದಾಗ, ಕಿಲ್ಲಾರಿಯ ಭೂಕಂಪವಾಯಿತು. ನಮ್ಮಲ್ಲಿ ಮಾಳಿಗೆಯ ಮಣ್ಣು ಉದುರಿದ್ದಷ್ಟೇ. ಲಾತೂರು, ಉಸ್ಮಾನಾಬಾದ ಜಿಲ್ಲೆಗಳ ಆ ಭಾಗದಲ್ಲಿ ಕಲ್ಲು ಮಣ್ಣಿನ ದಪ್ಪ ಗೋಡೆಯ ಮನೆಗಳು ಮಲಗಿದವರ ಮೇಲೆಯೇ ಕೂತವು, ಹತ್ತು ಸಾವಿರದಷ್ಟು ಜನ ಸತ್ತರು. ನಮ್ಮ ದೊಡ್ಡವ್ವನ ಮಗಳನ್ನು ಸಾಸ್ತೂರಿನ ಕಡೆಯ ಹಳ್ಳಿಗೆ ಕೊಟ್ಟಿತ್ತು. ಅಕ್ಕ ಹೋದಳು. ಅಂಗಳದಲ್ಲಿ ಅಜ್ಜನ ಮಗ್ಗುಲಿಗೆ ಮಲಗಿದ್ದ ಎರಡು ವರ್ಷದ ಕೂಸು ಉಳಿಯಿತು.

ಊರಿಗೆ ಹಿಟ್ಟಿನ ಗಿರಣಿ ಬಂದು ಆಗ ಇಪ್ಪತ್ತು ವರ್ಷವಾಗಿತ್ತು. ದೊಡ್ಡವ್ವ ಆ ಚಳಿಗಾಲದಲ್ಲಿ ಹಿತ್ತಿಲಿನಿಂದ ಬೀಸುವ ಕಲ್ಲು ತರಿಸಿ ಪಡಸಾಲೆಯಲ್ಲಿ ಹೂಡಿಸಿದಳು. ಹಿಟ್ಟಿನ ಸಲುವಾಗಿ ಅಲ್ಲವೆಂದು ಮನೆಯವರೆಲ್ಲರಿಗೂ ಗೊತ್ತಿತ್ತು, ಯಾರೂ ಮಾತಾಡಲಿಲ್ಲ. ನಾನು ಆಗ ಸೊಲ್ಲಾಪುರದಲ್ಲಿ ಎಂ. ಎ. ಮಾಡುತ್ತ, ಬೀಸುವ ಹಾಡುಗಳ ಮೇಲೆ ಪ್ರಬಂಧ ಬರೆಯಲು ಟೇಪ್ ರೆಕಾರ್ಡರ್ ಹಿಡಿದು ಹಳ್ಳಿ ತಿರುಗುತ್ತಿದ್ದೆ. ಮನೆಯಲ್ಲೇ ಹಾಡು ಹುಟ್ಟುತ್ತಿದೆ! ಗೋಡೆಯ ಈಚೆ ಯಂತ್ರವಿಟ್ಟು, ಅವಳಿಗೆ ತಿಳಿಯದಂತೆ ನಾಲ್ಕು ನಸುಕು ಧ್ವನಿಮುದ್ರಿಸಿದೆ.

ಅವಳು ಹಾಡಿದ್ದರಲ್ಲಿ ಬಹಳಷ್ಟು ಹಳೆಯ ಹಾಡುಗಳು, ಎಲ್ಲರೂ ಹಾಡುವಂಥವು. ನಡುವೆ ಒಂದು ನುಡಿ ಮಾತ್ರ ಅವಳದೇ ಕಟ್ಟೋಣ. ಅದರಲ್ಲಿ ಅಕ್ಕನ ಹೆಸರಿತ್ತು. ಆ ನುಡಿಯನ್ನು ಇಲ್ಲಿ ಬರೆಯುವುದಿಲ್ಲ. ಬಿದ್ದ ಮನೆ, ಬೀಸಿ ಉಳಿದ ಹಿಟ್ಟು, ಕಲ್ಲಿನ ಎದುರು ಬಂದು ಕೂತ ಹಂಬಲ, ಇಷ್ಟು ಅದರಲ್ಲಿ ಇದ್ದವು. ಸೊಲ್ಲಾಪುರದಲ್ಲಿ ಸಾಹಿತ್ಯಾಸಕ್ತರ ಒಂದು ಕೂಟಕ್ಕೆ ಕೇಳಿಸಬೇಕಾದಾಗ ನಾನು ಆಯ್ದು ಇನ್ನೊಂದು ಕ್ಯಾಸೆಟ್ಟಿಗೆ ಇಳಿಸಿಕೊಂಡೆ. ಹೆಸರಿದ್ದ ನುಡಿಯನ್ನು ಬಿಟ್ಟೆ. ವೈಯಕ್ತಿಕ ಸೇರ್ಪಡೆ, ಪಾರಂಪರಿಕವಲ್ಲ ಎಂದು ಟಿಪ್ಪಣಿಯಲ್ಲಿ ಬರೆದುಕೊಂಡದ್ದು ಇನ್ನೂ ಇದೆ, ನನ್ನದೇ ಅಕ್ಷರ. ಕೇಳಿದವರು ವಾಹ್ ಎಂದರು. ಒಬ್ಬರು ಎರಡನೆಯ ಹಾಡನ್ನು ಇನ್ನೊಮ್ಮೆ ಹಚ್ಚಿಸಿದರು. ನನಗೆ ಬಹಳ ಹಿಗ್ಗಾಯಿತು.

ಸುದ್ದಿ ಊರಿಗೆ ಬರದೆ ಇರುತ್ತದೆಯೇ? ಮುಂದಿನ ವಾರ ಉಣ್ಣಲು ಕೂತಾಗ ದೊಡ್ಡವ್ವ ರೊಟ್ಟಿ ನೀಡುತ್ತ ಕೇಳಿದಳು: “ತಮ್ಮಾ, ನಾ ಹಾಡಿದ್ದು ಸೊಲ್ಲಾಪುರದಾಗ ಮಂದಿಗಿ ಕೇಳಿಸಿದೆಂತಲ್ಲ?”

ಸಿಟ್ಟಾಗುತ್ತಾಳೆಂದು ನಾನು ತಲೆ ತಗ್ಗಿಸಿದೆ. “ಹೌದವ್ವಾ.”

“ಅಕಿ ಹೆಸರು ಬಂತೇನು ಅದರಾಗ?”

“ಬಂತು” ಎಂದೆ.

ದೊಡ್ಡವ್ವ ಇನ್ನೊಂದು ರೊಟ್ಟಿ ಹಾಕಿದಳು. 2009ರಲ್ಲಿ ಅವಳು ತೀರಿಕೊಳ್ಳುವವರೆಗೆ ಆ ಮಾತು ಮತ್ತೆ ಬರಲಿಲ್ಲ. ಕದ್ದು ಧ್ವನಿಮುದ್ರಿಸಿದ್ದು ಅವಳಿಗೆ ದೊಡ್ಡ ತಪ್ಪಾಗಿ ಕಾಣಲಿಲ್ಲ. ಹೆಸರು ಊರಾಚೆ ಹೋಗಿ ನಾಲ್ಕು ಜನರ ಕಿವಿಗೆ ಬಿದ್ದಿತೆಂಬುದೇ ಅವಳಿಗೆ ಬೇಕಾಗಿತ್ತು. ನಾನು ತೆಗೆದುಹಾಕಿದ್ದು ಅದೊಂದನ್ನೇ. ನಮ್ಮ ಹುಡುಗನಿಗೆ ದುಃಖ ಸಾಲದಾಗಿತ್ತು. ನನಗೆ ಅದು ಸಾಕಷ್ಟು ಹಳೆಯದಾಗಿರಲಿಲ್ಲ.

ಎಳ್ಳಮಾಸಿಯ ಮರುದಿನ ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಟ್ರಂಕಿನಲ್ಲಿದ್ದ ಮೂಲ ಕ್ಯಾಸೆಟ್ಟನ್ನು ಅವನು ಪುಣೆಗೆ ಒಯ್ದು, ಬೂಷ್ಟು ಒರೆಸಿ, ಕಂಪ್ಯೂಟರಿಗೆ ಇಳಿಸಿ ಫೋನ್ ಮಾಡಿದ. ಮಾರ್ಕಿನ ಮಾತು ಎತ್ತಲಿಲ್ಲ. “ಕಾಕಾ, ಇದರಾಗ ಒಂದು ಹೆಸರು ಬರ್ತದಲ್ಲ, ಅದೇ ಆ ಅತ್ತೀದೇನು?” ಎಂದ. ಹೌದು ಎಂದೆ. ತನಗೆ ಹಾಗೊಬ್ಬಳು ಅತ್ತೆ ಇದ್ದಳೆಂದು ಅವನಿಗೆ ಮೊನ್ನೆಯವರೆಗೆ ಯಾರೂ ಹೇಳಿರಲಿಲ್ಲ. ಇದನ್ನು ಎಲ್ಲರೂ ಕೇಳುವ ಹಾಗೆ ಇಂಟರ್‌ನೆಟ್ಟಿಗೆ ಹಾಕಲೇ ಎಂದು ಕೇಳಿದ. ನನ್ನನ್ನು ಕೇಳಿ ಫಲವಿಲ್ಲ, ಉಮರ್ಗಾದಲ್ಲಿ ಒಬ್ಬಳಿದ್ದಾಳೆ, ಅವಳನ್ನು ಕೇಳಬೇಕು ಎಂದೆ.

ಅಂಗಳದಲ್ಲಿ ಉಳಿದ ಕೂಸಿಗೆ ಈಗ ಮೂವತ್ತು ದಾಟಿದೆ, ಎರಡು ಮಕ್ಕಳ ತಾಯಿ. ತಂದೆ ಇನ್ನೊಂದು ಮದುವೆಯಾದ ಮೇಲೆ ಹೋಗಿಬರುವುದು ಕಡಿಮೆಯಾಗಿ, ಅವಳು ಪೂರ್ತಿ ಮರಾಠಿಯಲ್ಲಿಯೇ ಬೆಳೆದಳು. ಕನ್ನಡ ಬರುವುದಿಲ್ಲ. ಹುಡುಗ ಅವಳಿಗೆ ಹಾಡು ಕಳಿಸಿದ. ಎರಡು ದಿನ ಏನೂ ಉತ್ತರ ಬರಲಿಲ್ಲ. ಮೂರನೆಯ ದಿನ ನನಗೇ ಫೋನ್ ಮಾಡಿದಳು. ಹಾಡು ಏನೂ ತಿಳಿಯಲಿಲ್ಲ ಮಾಮಾ, ಅವ್ವನ ಹೆಸರು ಮಾತ್ರ ತಿಳಿಯಿತು, ಆ ಭಾಗವನ್ನೇ ಹಚ್ಚಿ ಹಚ್ಚಿ ಕೇಳುತ್ತಿದ್ದೇನೆ ಎಂದಳು ಮರಾಠಿಯಲ್ಲಿ. ಇಂಟರ್‌ನೆಟ್ಟಿನ ವಿಚಾರ ಆಮೇಲೆ ನೋಡೋಣ, ಮೊದಲು ಅರ್ಥ ಬರೆದು ಕಳಿಸಿರಿ ಎಂದಳು.

ಬರೆಯುತ್ತಿದ್ದೇನೆ. ಹಳೆಯ ಹಾಡುಗಳು ಸರಳವಾಗಿ ಮರಾಠಿಗೆ ಬಂದವು. ದೊಡ್ಡವ್ವನ ನುಡಿಯಲ್ಲಿ ಒಂದು ಕಡೆ ನಿಂತಿದ್ದೇನೆ. ‘ಹಂಬಲ’ಕ್ಕೆ ಮೊದಲು ‘ಓಢ’ ಎಂದು ಬರೆದೆ, ಹೊಡೆದುಹಾಕಿ ‘ಆಸ’ ಎಂದು ಬರೆದೆ, ಅದನ್ನೂ ಹೊಡೆದುಹಾಕಿದೆ. ಸದ್ಯ ಕನ್ನಡದ ಶಬ್ದವನ್ನೇ ದೇವನಾಗರಿ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆದಿಟ್ಟಿದ್ದೇನೆ. ರವಿವಾರ ಅವಳು ಫೋನ್ ಮಾಡುತ್ತಾಳೆ, ಆಗ ಬಾಯಿಂದಲೇ ಹೇಳಿ ನೋಡಬೇಕು.